ಇಲಿ ಬಿದ್ದ ಸುದ್ದಿ

ಜೈವಿಕ ಭಯೋತ್ಪಾದನೆ ಎಂಬ ಮಾತು ನಮ್ಮ ಪತ್ರಿಕೆಗಳಲ್ಲಿ ದಿನನಿತ್ಯ ಕಾಣಿಸತೊಡಗಿದ್ದು 2001ರ ಕೊನೆಯಲ್ಲಿ. ಅಮೆರಿಕದಲ್ಲಿ ಅಂಚೆಯ ಲಕೋಟೆಗಳಲ್ಲಿ ಆಂಥ್ರಾಕ್ಸ್ ಪುಡಿ ತುಂಬಿ ಕಳಿಸಿದ್ದರು. ಐದು ಜನ ಸತ್ತರು. ನಮ್ಮ ರೈತರಿಗೆ ಆಂಥ್ರಾಕ್ಸ್ ಹೊಸದೇನೂ ಆಗಿರಲಿಲ್ಲ. ದನಕುರಿಗಳಿಗೆ ಬರುವ ನೆರಡಿ ರೋಗವೇ ಅದು. ಆದರೆ ಅದನ್ನು ಮನುಷ್ಯ ಬೇಕೆಂತಲೇ ಮನುಷ್ಯನ ಮೇಲೆ ಬಿಟ್ಟ ಸುದ್ದಿ ಕೇಳಿ ಎಲ್ಲರಿಗೂ ದಿಗಿಲಾಯಿತು. ಆ ದಿನಗಳಲ್ಲಿ ನಮ್ಮ ಮಹದೇವಪುರದಲ್ಲೂ ಬಂದ ಕಾಗದ ಒಡೆಯುವ ಮುಂಚೆ ಕೈ ತಡೆದವರಿದ್ದರು. ಅಂಥದ್ದು ನಮ್ಮೂರಿಗೆ ಬಂದರೆ ಏನು ಗತಿ ಎಂದು ಯಾರಾದರೂ ಕೇಳಿದರೆ ನನಗೆ ಇನ್ನೊಂದು ಪ್ರಶ್ನೆ ಏಳುತ್ತದೆ: ಅದು ಬಂದಿದೆ ಎಂದು ನಮಗೆ ಗೊತ್ತಾಗುವುದಾದರೂ ಹೇಗೆ? ಇದಕ್ಕೆ ಉತ್ತರ ಬೆಂಗಳೂರಿನ ಪ್ಲೇಗಿನ ಚರಿತ್ರೆಯಲ್ಲೇ ಇದೆ.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲಿನ ದಾರಿ ಹಿಡಿದು 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರು ಮುಟ್ಟಿತು. ಆಗ ಊರು ಎರಡಾಗಿತ್ತು. ಪೇಟೆ ಮೈಸೂರು ಸರ್ಕಾರದ ಕೈಯಲ್ಲಿ, ದಂಡು ಬ್ರಿಟಿಷರ ಕೈಯಲ್ಲಿ. ಇಲಿಗಳಿಗೆ ಈ ಗಡಿ ಗೊತ್ತಿರಲಿಲ್ಲ. ಮೈಸೂರು ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರಾಗಿ ನೇಮಿಸಿತು. ಸುದ್ದಿ ಬೇಗ ಮುಟ್ಟಲೆಂದು ಟೆಲಿಫೋನ್ ತಂತಿ ಎಳೆಸಿದರು. ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದ. ಆದರೆ ಅದು ಇಲಿಯ ಚಿಗಟದಿಂದ ಹರಡುತ್ತದೆಂದು ಸಿಮಾಂಡ್ ಎಂಬುವನು 1898ರಲ್ಲಿ ಕರಾಚಿಯಿಂದ ಹೇಳಿದಾಗ ಬಹಳ ಮಂದಿ ವೈದ್ಯರೇ ನಂಬಲಿಲ್ಲ. ಹಾಗಾಗಿ ಅಧಿಕಾರಿಗಳು ನೆಲಕ್ಕೆ ಔಷಧಿ ಸುರಿಸಿದರು, ಹೆಂಚು ತೆಗೆಸಿದರು, ರೈಲಿನ ಪ್ರಯಾಣಿಕರನ್ನು ಇಳಿಸಿ ನೋಡಿದರು, ರೋಗಿಯ ಮನೆಯವರನ್ನೆಲ್ಲ ಊರಾಚೆಯ ಶೆಡ್ಡುಗಳಿಗೆ ಸಾಗಿಸಿದರು. ಚಿಗಟ ಮಾತ್ರ ತನ್ನ ಪಾಡಿಗೆ ತಾನಿತ್ತು.

ಬ್ರಿಟಿಷ್ ಇಂಡಿಯಾದಲ್ಲಿ ಇಂಥ ಕೆಲಸಗಳಿಗೆ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಬೆನ್ನಿಗಿತ್ತು. ಅದೇ ವರ್ಷ ಪುಣೆಯಲ್ಲಿ ಸಿಪಾಯಿಗಳು ಮನೆ ಹೊಕ್ಕು ಶೋಧಿಸಿದ್ದಕ್ಕೆ ಜನ ರೊಚ್ಚಿಗೆದ್ದರು. ಪ್ಲೇಗ್ ಅಧಿಕಾರಿ ರ್‍ಯಾಂಡ್‌ನನ್ನು ಚಾಪೇಕರ್ ಸೋದರರು ಕೊಂದರು. 1898ರಲ್ಲಿ ನಮ್ಮ ಶ್ರೀರಂಗಪಟ್ಟಣದ ಗಂಜಾಮಿನಲ್ಲೂ ದೊಂಬಿಯಾಯಿತು. ದೊಂಬಿ ಎದ್ದ ಊರು ಚರಿತ್ರೆಯ ಪುಸ್ತಕಕ್ಕೆ ಸೇರುತ್ತದೆ. ಸುಮ್ಮನೆ ಬಾಗಿಲು ಹಾಕಿಕೊಂಡ ಮನೆಗಳ ಕಥೆ ಎಲ್ಲೂ ಸೇರುವುದಿಲ್ಲ.

ಅಂಥದೊಂದು ಮನೆ ನಮ್ಮಜ್ಜಿಯ ತವರು. ಹೊಸಕೋಟೆಯಾಚೆಯ ಹಳ್ಳಿ. ಆಕೆ ಹತ್ತು ಹನ್ನೆರಡರ ಹುಡುಗಿಯಾಗಿದ್ದಾಗ ಪ್ಲೇಗು ಮತ್ತೊಮ್ಮೆ ಮರುಕಳಿಸಿತ್ತು. ಆಕೆಯ ಅಣ್ಣನಿಗೆ ಕಂಕುಳಲ್ಲಿ ಗಡ್ಡೆ ಎದ್ದಿತು. ಸುದ್ದಿ ಗೊತ್ತಾದರೆ ಮನೆ ಹಾಳು ಮಾಡುತ್ತಾರೆ, ಎಲ್ಲರನ್ನೂ ಶೆಡ್ಡಿಗೆ ಎಳೆದೊಯ್ಯುತ್ತಾರೆ ಎಂದು ಹೆದರಿ ಹುಡುಗನನ್ನು ರಾಗಿ ಇಡುವ ಕೋಣೆಯಲ್ಲಿ ಬಚ್ಚಿಟ್ಟರು. ಮೂರನೆಯ ರಾತ್ರಿ ಸತ್ತ. ಕತ್ತಲಲ್ಲೇ ಹಿತ್ತಲಲ್ಲಿ ಮಣ್ಣು ಮಾಡಿದರು. "ಅಳೋ ಸದ್ದು ಆಚೆಗೆ ಕೇಳಬಾರದು ಅಂತ ಅವ್ವ ಬಾಯಿಗೆ ಸೆರಗು ತುರುಕಿಕೊಂಡಿದ್ದಳು ಮಗಾ" ಎಂದು ಅಜ್ಜಿ ಹೇಳುತ್ತಿದ್ದಳು. ಆಮೇಲೆ ಅದೇ ಕೇರಿಯಲ್ಲಿ ಇನ್ನೂ ನಾಲ್ಕು ಜನ ಹೋದರು. ಅವರ ಮನೆಗಳಿಗೆ ಮೊದಲೇ ಸುದ್ದಿ ಮುಟ್ಟಿದ್ದರೆ ಊರು ಬಿಟ್ಟಿರುತ್ತಿದ್ದರು.

ಊರು ಬಿಡುವುದು ಹಳೆ ಮೈಸೂರಿನ ಹಳ್ಳಿಗರು ಪೆಟ್ಟು ತಿಂದು ಕಲಿತ ಪಾಠ. ಮೊದಲು ಸಾಯುವುದು ಇಲಿ. ಸತ್ತ ಇಲಿಯ ಮೈ ತಣ್ಣಗಾದಾಗ ಚಿಗಟಗಳು ಅದನ್ನು ಬಿಟ್ಟು ಮನುಷ್ಯನ ಮೈ ಹುಡುಕುತ್ತವೆ. ಈ ಶಾಸ್ತ್ರ ಗೊತ್ತಿಲ್ಲದಿದ್ದರೂ 'ಇಲಿ ಬಿತ್ತು' ಎಂದರೆ ಏನರ್ಥವೆಂದು ಎಲ್ಲರಿಗೂ ಗೊತ್ತಿತ್ತು. ಸೂರಿನಿಂದ ಒಂದು ಇಲಿ ಉರುಳಿತೋ, ಹೊಲಗಳಲ್ಲಿ ಗುಡಿಸಲು ಏಳುತ್ತಿದ್ದವು. ತಳವಾರ ಓಡಿಹೋಗಿ ಪಟೇಲನಿಗೆ ಹೇಳುತ್ತಿದ್ದ. ಹಾಫ್‌ಕಿನ್ 1897ರಲ್ಲಿ ತನ್ನ ಮೈಗೇ ಚುಚ್ಚಿಕೊಂಡು ನೋಡಿದ ಲಸಿಕೆಗೂ ಜನ ಕ್ರಮೇಣ ತೋಳು ಕೊಟ್ಟರು. ಬೆಂಗಳೂರು ಪೇಟೆಯವರು ಮಲ್ಲೇಶ್ವರ, ಬಸವನಗುಡಿಗಳ ಹೊಸ ಬಡಾವಣೆಗಳಿಗೆ ಹೋದರು. ದಂಡಿನ ಕಡೆ ಫ್ರೇಜರ್ ಟೌನ್ ಎದ್ದಿತು. ಅದನ್ನು ಕಟ್ಟುವುದರಲ್ಲಿ ಮುಖ್ಯನಾಗಿದ್ದ ಜೆ.ಎಚ್. ಸ್ಟೀಫನ್ಸ್, ಪ್ಲೇಗು ತಾಗದಂತೆ ಊರು ಕಟ್ಟುವುದು ಹೇಗೆಂದು 1914ರಲ್ಲಿ ಒಂದು ಪುಸ್ತಕವನ್ನೇ ಬರೆದ. ಇಲಿ ಗೂಡು ಕಟ್ಟದ ಮನೆ, ಗಾಳಿ ಬೆಳಕಿನ ಬೀದಿ ಅವನ ಗುರಿ.

ಇದೆಲ್ಲ ತಾನಾಗಿ ಬಂದ ರೋಗದ ಮಾತಾಯಿತು. ಮನುಷ್ಯನೇ ಪ್ಲೇಗನ್ನು ಆಯುಧ ಮಾಡಿಕೊಂಡದ್ದೂ ನಮ್ಮ ದೇಶದಲ್ಲಿ ನಡೆದಿದೆ. 1933ರ ನವೆಂಬರ್ 26ರಂದು ಹೌರಾ ರೈಲು ನಿಲ್ದಾಣದ ಜನಜಂಗುಳಿಯಲ್ಲಿ ಪಾಕುರ್ ಜಮೀನ್ದಾರಿ ಮನೆತನದ ಅಮರೇಂದ್ರ ಪಾಂಡೆ ಎಂಬ ತರುಣನ ತೋಳಿಗೆ ಯಾರೋ ಸೂಜಿ ಚುಚ್ಚಿ ಮರೆಯಾದರು. ಡಿಸೆಂಬರ್ 4ರಂದು ಅವನು ಸತ್ತ. ಆಸ್ತಿಗಾಗಿ ಮಲಸೋದರ ಬಿನಯೇಂದ್ರ ಒಬ್ಬ ವೈದ್ಯನ ಜೊತೆಗೂಡಿ, ಮುಂಬಯಿಯಿಂದ ಪ್ಲೇಗಿನ ರೋಗಾಣು ಸಂಪಾದಿಸಿ ಮಾಡಿದ ಕೊಲೆ ಅದು. ಸಿಕ್ಕಿಬಿದ್ದದ್ದು ಹೇಗೆ? ರೋಗಿ ಬದುಕಿದ್ದಾಗಲೇ ಒಬ್ಬ ವೈದ್ಯರು ರಕ್ತ ತೆಗೆಸಿ ಪರೀಕ್ಷೆಗೆ ಕಳಿಸಿದ್ದರು. ಅದರಲ್ಲಿ ಪ್ಲೇಗಿನ ರೋಗಾಣು ಕಂಡಿತು. ಕಲ್ಕತ್ತೆಯಲ್ಲಿ ವರ್ಷಗಳಿಂದ ಪ್ಲೇಗಿಲ್ಲ ಎಂದು ನಗರದ ಲೆಕ್ಕ ಹೇಳುತ್ತಿತ್ತು. ಇಲ್ಲದ ರೋಗ ಇವನೊಬ್ಬನಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಎದ್ದಿತು. ಆ ಲೆಕ್ಕ ಇಲ್ಲದಿದ್ದರೆ ಅದು ಇನ್ನೊಂದು ಜ್ವರದ ಸಾವಾಗಿ ಮುಗಿಯುತ್ತಿತ್ತು.

ನಮ್ಮ ಮಲೆನಾಡಿನಲ್ಲೂ ಹೀಗೆ ಪ್ರಶ್ನೆ ಎದ್ದ ಕಾಲವಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಹಿಂದೆಯೇ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಉಣ್ಣೆಯಿಂದ ಹರಡುವ ಹೊಸ ವೈರಸ್ಸನ್ನು ಗುರುತಿಸಿದರು. ಎಪ್ಪತ್ತರ ದಶಕದಲ್ಲಿ, ಅಮೆರಿಕದ ಸೇನೆಯ ಹಣ ಸೇರಿದ್ದ ವಲಸೆ ಹಕ್ಕಿಗಳ ಅಧ್ಯಯನದ ವಿಷಯ ಸಂಸತ್ತಿನ ಸಮಿತಿಯವರೆಗೂ ಹೋಗಿ, ಇದೆಲ್ಲ ರೋಗಾಣು ಯುದ್ಧದ ತಯಾರಿಯೇ ಎಂಬ ಅನುಮಾನ ಹರಡಿತು. ಅನುಮಾನ ಹಾಗಿರಲಿ, ಕಾಡಿನ ಅಂಚಿನವರಿಗೆ ಉಪಯೋಗಕ್ಕೆ ಬಂದದ್ದು ಒಂದೇ ನಿಯಮ: ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆಸ್ಪತ್ರೆಗೆ ತಿಳಿಸಿ.

ನಮ್ಮ ಮಹದೇವಪುರದ ಪಕ್ಕದಲ್ಲೇ ಹಳೆ ಮದರಾಸು ರಸ್ತೆ ಇದೆ. ಕೆ.ಆರ್. ಪುರ ದಾಟಿ, ಹೊಸಕೋಟೆ, ಕೋಲಾರ ಕಳೆದರೆ ಮುಳಬಾಗಿಲು. 1966ರಲ್ಲಿ ಆ ಕಡೆ ಕಂಡ ಪ್ಲೇಗು ರೋಗಿಯ ನಂತರ 1994ರವರೆಗೆ ದೇಶದಲ್ಲಿ ಪ್ರಯೋಗಾಲಯ ಖಚಿತಪಡಿಸಿದ ಇನ್ನೊಂದು ಪ್ರಕರಣ ಬರಲಿಲ್ಲ. ಆದರೂ ಕೇಂದ್ರ ಸರ್ಕಾರದ ಪ್ಲೇಗ್ ಕಣ್ಗಾವಲು ಘಟಕವೊಂದು ಬೆಂಗಳೂರಿನಲ್ಲಿದ್ದು, ಮೂರು ರಾಜ್ಯಗಳು ಕೂಡುವ ಆ ಸೀಮೆಯಲ್ಲಿ ಇಲಿ ಹಿಡಿದು, ಚಿಗಟ ಬಾಚಿ, ರಕ್ತ ಪರೀಕ್ಷಿಸುತ್ತ ಬಂದಿದೆ. ಇಲ್ಲದ ರೋಗಕ್ಕೆ ಸಂಬಳ ಏಕೆಂದು ಕೇಳುವವರು ಇದ್ದೇ ಇರುತ್ತಾರೆ. 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಿಂದ ಲಕ್ಷಾಂತರ ಜನ ಗಂಟುಮೂಟೆ ಕಟ್ಟಿ ಓಡಿದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಎಂದರೆ ಏನೆಂದು ಆಗ ದೇಶವೇ ನೋಡಿತು.

2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಸರ್ಕಾರಗಳು ಮತ್ತೆ ಹೊರತೆಗೆದದ್ದು ಅದೇ 1897ರ ಕಾಯಿದೆಯನ್ನು. ನಮ್ಮ ಬೀದಿಯಲ್ಲಿ ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಮನೆ ಮನೆಗೆ ಬಂದು, "ಯಾರಿಗಾದರೂ ಜ್ವರ ಇದೆಯಾ ಅಮ್ಮ?" ಎಂದು ಕೇಳುತ್ತಿದ್ದರು. ಒಳಗೆ ಕೆಮ್ಮು ಕೇಳುತ್ತಿದ್ದರೂ "ಯಾರಿಗೂ ಇಲ್ಲ" ಎಂದು ಬಾಗಿಲು ಹಾಕಿದವರನ್ನು ನಾನೇ ಕಂಡಿದ್ದೇನೆ. ಬಾಗಿಲಿಗೆ ಚೀಟಿ ಅಂಟಿಸುತ್ತಾರೆ, ಬಾಡಿಗೆ ಮನೆ ಬಿಡಿಸುತ್ತಾರೆ, ದಿನದ ಕೂಲಿ ಹೋಗುತ್ತದೆ ಎಂಬ ಅವರ ಭಯ ಸುಳ್ಳೂ ಅಲ್ಲ.

ನಾಳೆ ಯಾವನೋ ಬೇಕೆಂತಲೇ ರೋಗ ಹರಡಿದರೂ ಮೊದಲ ದಿನ ಅದು ಬರೀ ಜ್ವರವಾಗಿಯೇ ಬರುತ್ತದೆ. ಅದನ್ನು ಮೊದಲು ಕಾಣುವವರು ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ದನದ ಡಾಕ್ಟರು, ರಕ್ತ ಪರೀಕ್ಷಿಸುವ ಹುಡುಗ. ಇವರ ಕೆಲಸ ರೋಗವಿಲ್ಲದ ವರ್ಷಗಳಲ್ಲೂ ನಿಲ್ಲಬಾರದು. ಅದರ ಜೊತೆಗೆ, ನಮ್ಮ ಮನೆಯಲ್ಲಿ ಜ್ವರವಿದೆ ಎಂದು ನಿಜ ಹೇಳಿದವನ ಮನೆ, ಕೂಲಿ, ಮರ್ಯಾದೆ ಕಾಯುವ ಭರವಸೆಯನ್ನು ಸರ್ಕಾರ ಕೊಡಬೇಕು, ಕೊಟ್ಟಿದ್ದನ್ನು ನಡೆಸಬೇಕು. ಅಷ್ಟಾದರೆ ರಾಗಿ ಕೋಣೆಯಲ್ಲಿ ಮಗನನ್ನು ಬಚ್ಚಿಡುವ ಗತಿ ಯಾವ ತಾಯಿಗೂ ಬರುವುದಿಲ್ಲ.