ವಿನಾಯಿತಿ ಪತ್ರವೂ ಗಡಿಯ ಬಾಗಿಲೂ

2022ರ ಜನವರಿ 5ರ ರಾತ್ರಿ ಸುಮಾರು 11.30ಕ್ಕೆ ನೊವಾಕ್ ಜೊಕೊವಿಚ್ ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಇಳಿದರು. ಸರ್ಬಿಯ ದೇಶದ ಈ ಟೆನಿಸ್ ಪಟು ಆಗ ಜಗತ್ತಿನಲ್ಲೇ ಮೊದಲನೆಯ ಸ್ಥಾನದಲ್ಲಿದ್ದವರು. ಆಸ್ಟ್ರೇಲಿಯನ್ ಓಪನ್ ಪಂದ್ಯಾವಳಿಯನ್ನು ಅಷ್ಟರಲ್ಲೇ 9 ಸಲ ಗೆದ್ದವರು. ಕೋವಿಡ್ ಲಸಿಕೆಯನ್ನು ಮಾತ್ರ ಹಾಕಿಸಿಕೊಂಡಿರಲಿಲ್ಲ. ಅವರ ಬಳಿ ವೀಸಾ ಇತ್ತು, ವೈದ್ಯಕೀಯ ವಿನಾಯಿತಿಯ ಪತ್ರವೂ ಇತ್ತು. ಬೆಳಗಾಗುವ ಹೊತ್ತಿಗೆ ಎರಡೂ ನಿರುಪಯೋಗಿ ಆಗಿದ್ದವು.

ಮುಂದಿನ ಹನ್ನೊಂದು ದಿನಗಳ ರಾದ್ಧಾಂತ ವಾಚಕರಿಗೆ ನೆನಪಿರಬಹುದು. ಕೆಲವರು ಇದನ್ನು ಹಟಮಾರಿಯೊಬ್ಬನ ಕಥೆಯೆಂದರು; ಇನ್ನು ಕೆಲವರು ಸರ್ಕಾರದ ದಬ್ಬಾಳಿಕೆಯೆಂದರು. ಆ ಗದ್ದಲದಲ್ಲಿ ಒಂದು ಸಾಮಾನ್ಯ ಪ್ರಶ್ನೆ ಮರೆಯಾಗಿಹೋಯಿತು. ಆ ಪತ್ರವನ್ನು ಕೊಟ್ಟವರು ಯಾರು? ಅದನ್ನು ಒಪ್ಪಬೇಕಾದವರು ಯಾರು?

ಲಸಿಕೆಯ ಕಾಗದ ನೋಡಿ ಪರದೇಶದವರನ್ನು ಒಳಗೆ ಬಿಡುವ ಪದ್ಧತಿ ಕೋವಿಡ್ ಕಾಲದಲ್ಲಿ ಹುಟ್ಟಿದ್ದಲ್ಲ. 1970ರ ದಶಕದಲ್ಲಿ ಮುಂಬಯಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ನಮ್ಮ ಹಿರಿಯರನ್ನು ಕೇಳಿ ನೋಡಿ, ಪಾಸ್‌ಪೋರ್ಟಿನ ಜತೆ ಇಟ್ಟುಕೊಳ್ಳುತ್ತಿದ್ದ ಹಳದಿ ಬಣ್ಣದ ಪುಸ್ತಿಕೆಯ ಸುದ್ದಿ ಹೇಳುತ್ತಾರೆ. ಸಿಡುಬಿಗೆ ದಾಕು ಹಾಕಿಸಿಕೊಂಡದ್ದಕ್ಕೆ ಅದೇ ಸಾಕ್ಷಿ. 1980ರಲ್ಲಿ ಸಿಡುಬು ಭೂಮಿಯಿಂದಲೇ ತೊಲಗಿತೆಂದು ಸಾರಿದ ಮೇಲೆ ಆ ಪುಟ ಬೇಡವಾಯಿತು. ಪುಸ್ತಿಕೆ ಮಾತ್ರ ಉಳಿದಿದೆ, ಹಳದಿ ಜ್ವರಕ್ಕಾಗಿ. ಪ್ರತಿ ಜನವರಿಯಲ್ಲಿ ಮುಂಬಯಿ ಮ್ಯಾರಥಾನ್ ಓಡಲು ಬರುವ ಕೆನ್ಯಾ, ಇಥಿಯೋಪಿಯಾ ದೇಶಗಳ ಓಟಗಾರರು ಅದನ್ನು ತೋರಿಸಿಯೇ ಒಳಗೆ ಬರಬೇಕು. ಸರ್ಟಿಫಿಕೇಟ್ ಇಲ್ಲದವರನ್ನು 6 ದಿನದವರೆಗೆ ಪ್ರತ್ಯೇಕವಾಗಿರಿಸುವ ಅಧಿಕಾರ ನಮ್ಮ ಸರ್ಕಾರಕ್ಕಿದೆ. ನಮ್ಮ ದೇಶದಲ್ಲಿ ಈ ರೋಗವಿಲ್ಲ; ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಬೇಕಾದಷ್ಟಿದೆ. ಆದ್ದರಿಂದಲೇ ಈ ಬಿಗಿ.

ವಿಶ್ವ ಆರೋಗ್ಯ ಸಂಸ್ಥೆಯ ನಿಯಮಾವಳಿಯಲ್ಲಿ ವಿನಾಯಿತಿಗೂ ಎಡೆಯಿದೆ. ಒಬ್ಬರ ದೇಹಸ್ಥಿತಿಗೆ ಲಸಿಕೆ ಒಗ್ಗದೆಂದು ವೈದ್ಯರಿಗೆ ತೋರಿದರೆ ಕಾರಣವನ್ನು ಇಂಗ್ಲಿಷಿನಲ್ಲೋ ಫ್ರೆಂಚಿನಲ್ಲೋ ಬರೆದುಕೊಡಬೇಕು. ಬಂದಿಳಿದ ದೇಶದ ಅಧಿಕಾರಿಗಳು ಅದನ್ನು ಗಮನಕ್ಕೆ ತೆಗೆದುಕೊಳ್ಳಬೇಕು. ಗಮನಕ್ಕೆ ತೆಗೆದುಕೊಳ್ಳಬೇಕು ಎಂದಿದೆಯೇ ಹೊರತು ಒಪ್ಪಲೇಬೇಕು ಎಂದಿಲ್ಲ. ಪತ್ರ ವೈದ್ಯರದು, ಬಾಗಿಲು ಸರ್ಕಾರದ್ದು.

ಮೆಲ್ಬರ್ನಿನಲ್ಲಿ ಎಡವಟ್ಟಾದದ್ದು ಇಲ್ಲಿಯೇ. ಅಲ್ಲಿಯೂ ನಮ್ಮಲ್ಲಿರುವಂತೆ ಕೇಂದ್ರ ಸರ್ಕಾರ ಬೇರೆ, ರಾಜ್ಯ ಸರ್ಕಾರ ಬೇರೆ. ಲಸಿಕೆ ಇಲ್ಲದವರು ಆಟದ ಅಂಗಣಕ್ಕೆ ಬರಬೇಕಾದರೆ ವಿನಾಯಿತಿ ಬೇಕೆಂದದ್ದು ವಿಕ್ಟೋರಿಯಾ ರಾಜ್ಯ. ದೇಶದೊಳಕ್ಕೆ ಯಾರನ್ನು ಬಿಡಬೇಕೆನ್ನುವುದು ಕೇಂದ್ರಕ್ಕೆ ಸೇರಿದ್ದು. ಜೊಕೊವಿಚ್‌ಗೆ 2021ರ ಡಿಸೆಂಬರ್ 16ರಂದು ಕೋವಿಡ್ ತಗಲಿದ್ದು ಪರೀಕ್ಷೆಯಲ್ಲಿ ಕಂಡಿತ್ತು. ಆ ಕಾರಣದ ಮೇಲೆ ಟೆನಿಸ್ ಆಸ್ಟ್ರೇಲಿಯಾ ನೇಮಿಸಿದ ವೈದ್ಯರ ಮಂಡಲಿ ವಿನಾಯಿತಿ ನೀಡಿತು. ರಾಜ್ಯದ ಮಂಡಲಿಯೊಂದು ಅದನ್ನು ಪರಿಶೀಲಿಸಿ ಒಪ್ಪಿತು. ಆದರೆ ಲಸಿಕೆಯಿಲ್ಲದವರನ್ನು ಒಳಗೆ ಬಿಡಲು, ಒಮ್ಮೆ ರೋಗ ಬಂದು ಹೋಗಿದೆ ಎಂಬ ಕಾರಣ ಸಾಲದೆಂದು ಕೇಂದ್ರದ ಆರೋಗ್ಯ ಸಚಿವರು ನವೆಂಬರಿನಲ್ಲೇ ಟೆನಿಸ್ ಆಸ್ಟ್ರೇಲಿಯಾಕ್ಕೆ ಬರೆದಿದ್ದರು. ಬರೆದ ಮೇಲೂ ಆಟಗಾರರು ವಿಮಾನ ಹತ್ತಿದರಲ್ಲ, ಅದನ್ನು ತಡೆಯಬೇಕಾದವರು ಕೈಕಟ್ಟಿ ಕುಳಿತದ್ದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ನಿಲ್ದಾಣದಲ್ಲಿ ರಾತ್ರಿಯಿಡೀ ವಿಚಾರಣೆ ನಡೆಯಿತು. ಉತ್ತರ ಕೊಡಲು ಬೆಳಿಗ್ಗೆ 8.30ರವರೆಗೆ ಸಮಯವಿದೆಯೆಂದು ಹೇಳಿದ ಅಧಿಕಾರಿಗಳು 7.42ಕ್ಕೇ ವೀಸಾ ರದ್ದುಮಾಡಿದರು. ಜೊಕೊವಿಚ್‌ರನ್ನು ಕಾರ್ಲ್‌ಟನ್ ಬಡಾವಣೆಯ ಪಾರ್ಕ್ ಹೋಟೆಲಿಗೆ ಕರೆದೊಯ್ದರು. ಹೆಸರಿಗೆ ಹೋಟೆಲು, ಆಗ ಅದು ಆಶ್ರಯ ಕೋರಿ ಬಂದವರನ್ನು ಕೂಡಿಹಾಕಿದ್ದ ಜಾಗ. ಅವರಲ್ಲಿ ಕೆಲವರು ಒಂದಲ್ಲ ಒಂದು ಕಡೆ ಬಂಧನದಲ್ಲಿದ್ದು ಎಂಟೊಂಬತ್ತು ವರ್ಷಗಳೇ ಕಳೆದಿದ್ದವು. ಜೊಕೊವಿಚ್ ಬಂದದ್ದರಿಂದ ಜಗತ್ತಿನ ಕ್ಯಾಮೆರಾಗಳು ಅವರ ಕಿಟಕಿಗಳತ್ತಲೂ ತಿರುಗಿದವು.

ಜನವರಿ 10ರಂದು ನ್ಯಾಯಾಧೀಶ ಆ್ಯಂಟನಿ ಕೆಲ್ಲಿಯವರು ಆ ರದ್ದತಿಯನ್ನು ತಳ್ಳಿಹಾಕಿದರು. ಕೊಟ್ಟ ಮಾತಿನಷ್ಟು ಹೊತ್ತು ಕಾಯದೆ ಇದ್ದದ್ದು ತಪ್ಪೆಂಬುದು ಅದಕ್ಕೆ ಕಾರಣ. ವಿನಾಯಿತಿ ಸರಿಯೋ ತಪ್ಪೋ ಎಂಬುದು ಅಲ್ಲಿ ಇತ್ಯರ್ಥವಾಗಲಿಲ್ಲ. ಅಷ್ಟರಲ್ಲಿ ಬೇರೆ ಸಂಗತಿಗಳು ಹೊರಬಿದ್ದವು. ಹಿಂದಿನ 14 ದಿನ ಎಲ್ಲಿಗೂ ಪ್ರಯಾಣ ಮಾಡಿಲ್ಲವೆಂದು ಪ್ರವೇಶದ ಅರ್ಜಿಯಲ್ಲಿತ್ತು; ವಾಸ್ತವದಲ್ಲಿ ಸರ್ಬಿಯದಿಂದ ಸ್ಪೇನಿಗೆ ಹೋಗಿದ್ದರು. ತಮ್ಮ ಸಹಾಯಕರು ಅರ್ಜಿ ತುಂಬುವಾಗ ಆದ ತಪ್ಪೆಂದು ಜೊಕೊವಿಚ್ ಹೇಳಿದರು. ಸೋಂಕು ತಿಳಿದ ಮೇಲೂ ಫ್ರೆಂಚ್ ಪತ್ರಕರ್ತರೊಬ್ಬರಿಗೆ ಸಂದರ್ಶನ ಕೊಟ್ಟದ್ದನ್ನು ಒಪ್ಪಿಕೊಂಡರು.

ಜನವರಿ 14ರಂದು ವಲಸೆ ಸಚಿವ ಅಲೆಕ್ಸ್ ಹಾಕ್ ತಮ್ಮ ವಿಶೇಷಾಧಿಕಾರದಿಂದ ವೀಸಾವನ್ನು ಎರಡನೆಯ ಸಲ ರದ್ದುಮಾಡಿದರು. ಅವರು ಕೊಟ್ಟ ಕಾರಣ ಸ್ವಾರಸ್ಯಕರವಾಗಿದೆ. ಲಸಿಕೆ ಹಾಕಿಸಿಕೊಳ್ಳದಿರಲು ವೈದ್ಯಕೀಯ ಕಾರಣವಿದೆ ಎಂದೇ ಅವರು ಇಟ್ಟುಕೊಂಡರು. ರೋಗ ಹರಡುವ ಭಯವೂ ಅಷ್ಟಿಲ್ಲವೆಂದರು. ಆದರೆ ಇಷ್ಟು ಹೆಸರಾಂತ ವ್ಯಕ್ತಿ ಲಸಿಕೆಯಿಲ್ಲದೆ ಇಲ್ಲಿ ಆಡಿದರೆ ಲಸಿಕೆ ವಿರೋಧಿಗಳಿಗೆ ಬಲ ಬಂದೀತು ಎಂಬುದು ಅವರ ವಾದ. ಜನವರಿ 16ರಂದು ಫೆಡರಲ್ ನ್ಯಾಯಾಲಯದ ಮೂವರು ನ್ಯಾಯಾಧೀಶರು ಒಮ್ಮತದಿಂದ ಜೊಕೊವಿಚ್ ಅರ್ಜಿಯನ್ನು ವಜಾ ಮಾಡಿದರು. ಸಚಿವರ ನಿರ್ಧಾರ ಕಾನೂನಿನ ಮಿತಿಯಲ್ಲಿದೆಯೇ ಎಂದಷ್ಟೇ ಅವರು ನೋಡಿದ್ದು. ಹೀಗೆ ಎರಡು ನ್ಯಾಯಾಲಯಗಳನ್ನು ಹಾದರೂ ಆ ಪತ್ರ ದೇಶದ ಬಾಗಿಲಿಗೆ ಸಲ್ಲುತ್ತದೆಯೇ ಎಂಬ ಪ್ರಶ್ನೆ ಇದ್ದಲ್ಲೇ ಉಳಿಯಿತು. ಅಂದೇ ರಾತ್ರಿ ಜೊಕೊವಿಚ್ ದುಬೈ ವಿಮಾನ ಹತ್ತಿದರು.

ಮೆಲ್ಬರ್ನಿನ ಜನ ಇಷ್ಟೇಕೆ ಸಿಟ್ಟಾದರು? ಲಾಕ್‌ಡೌನುಗಳೆಲ್ಲ ಸೇರಿ 262 ದಿನ ಮನೆಯೊಳಗೆ ಕುಳಿತ ಊರು ಅದು. 2021ರ ಮೇ ತಿಂಗಳಲ್ಲಿ ಭಾರತದಿಂದ ಮರಳುವ ತನ್ನ ಪ್ರಜೆಗಳಿಗೇ ಆಸ್ಟ್ರೇಲಿಯಾ ಬಾಗಿಲು ಮುಚ್ಚಿ, ಮೀರಿ ಬಂದರೆ 5 ವರ್ಷದವರೆಗೆ ಜೈಲೆಂದು ಹೆದರಿಸಿತ್ತು. ಮಕ್ಕಳು ಅಲ್ಲಿ, ತಾವು ಇಲ್ಲಿ ಎಂದಿದ್ದ ನಮ್ಮ ಕುಟುಂಬಗಳಿಗೆ ಆ ದಿನಗಳ ಸಂಕಟ ಹೇಳಬೇಕಾಗಿಲ್ಲ. ಐ.ಪಿ.ಎಲ್. ನಿಂತುಹೋದಾಗ ಆಸ್ಟ್ರೇಲಿಯಾದ ಕ್ರಿಕೆಟ್ ಆಟಗಾರರೂ ನೇರವಾಗಿ ಮನೆಗೆ ಹೋಗಲಾಗದೆ ಮಾಲ್ಡೀವ್ಸ್‌ನಲ್ಲಿ ಕಾದರು.

ಈ ಕಥೆಯಲ್ಲಿ ನನಗೆ ಹೆಚ್ಚು ಮರುಕ ಹುಟ್ಟಿಸಿದವರು ಜೊಕೊವಿಚ್ ಅಲ್ಲ, ರೆನಾಟಾ ವೊರಾಚೊವಾ. ಚೆಕ್ ದೇಶದ ಈ ಡಬಲ್ಸ್ ಆಟಗಾರ್ತಿ ಅದೇ ಬಗೆಯ ವಿನಾಯಿತಿಯ ಮೇಲೆ ಡಿಸೆಂಬರಿನಲ್ಲೇ ಯಾವ ತಕರಾರೂ ಇಲ್ಲದೆ ಒಳಗೆ ಬಂದು ಮೆಲ್ಬರ್ನಿನಲ್ಲಿ ಒಂದು ಪಂದ್ಯವನ್ನೂ ಆಡಿದ್ದರು. ಜೊಕೊವಿಚ್ ಗಲಾಟೆ ಎದ್ದ ಮೇಲೆ ಅಧಿಕಾರಿಗಳಿಗೆ ಇವರ ನೆನಪಾಯಿತು. ವೀಸಾ ರದ್ದಾಯಿತು, ಅದೇ ಹೋಟೆಲಿಗೆ ಕರೆದೊಯ್ದರು. ವಕೀಲರ ಪಡೆ ಕಟ್ಟಿಕೊಂಡು ಹೋರಾಡುವ ಗೋಜಿಗೆ ಹೋಗದೆ ಅವರು ಊರಿಗೆ ಹೊರಟರು.

ಇದನ್ನೆಲ್ಲ ಇನ್ನಷ್ಟು ಸರಳವಾಗಿ ನಡೆಸಬಹುದಿತ್ತೆಂಬುದಕ್ಕೆ ಮರುತಿಂಗಳ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಉದಾಹರಣೆ. ಲಸಿಕೆ ಹಾಕಿಸಿಕೊಳ್ಳಿ, ಇಲ್ಲವೇ 21 ದಿನ ಒಂಟಿಯಾಗಿರಿ ಎಂಬ ನಿಯಮವನ್ನು ಚೀನಾ ಮೊದಲೇ ಸಾರಿತ್ತು. ಸ್ವಿಟ್ಜರ್ಲೆಂಡಿನ ಹಿಮಜಾರಾಟದ ಪಟು ಪಟ್ರಿಜಿಯಾ ಕುಮ್ಮರ್ ಲಸಿಕೆ ಬೇಡವೆಂದು 21 ದಿನವನ್ನೂ ಕಳೆದು, ಆಮೇಲೆ ಸ್ಪರ್ಧೆಗಿಳಿದರು. ಕಠಿಣವೇ ಸರಿ, ಆದರೆ ಯಾರಿಗೂ ಗೊಂದಲವಿರಲಿಲ್ಲ.

ಅಮೆರಿಕ ಲಸಿಕೆಯಿಲ್ಲದ ಪರದೇಶದವರಿಗೆ 2023ರ ಮೇ ತಿಂಗಳವರೆಗೂ ಬಾಗಿಲು ತೆರೆಯಲಿಲ್ಲ, 2022ರ ಯು.ಎಸ್. ಓಪನ್ ಜೊಕೊವಿಚ್‌ಗೆ ತಪ್ಪಿತು. ಆಸ್ಟ್ರೇಲಿಯಾ 2022ರ ಜುಲೈಯಲ್ಲೇ ಲಸಿಕೆಯ ನಿಯಮವನ್ನು ತೆಗೆಯಿತು. ವೀಸಾ ರದ್ದಾದವರು 3 ವರ್ಷ ಮತ್ತೆ ಬರುವಂತಿಲ್ಲವೆಂಬ ನಿರ್ಬಂಧವನ್ನೂ ನವೆಂಬರಿನಲ್ಲಿ ಜೊಕೊವಿಚ್ ಮಟ್ಟಿಗೆ ಸಡಿಲಿಸಿತು. 2023ರ ಜನವರಿಯಲ್ಲಿ ಅವರು ಮೆಲ್ಬರ್ನಿಗೆ ಬಂದು ಹತ್ತನೆಯ ಸಲ ಗೆದ್ದರು. ಪಾರ್ಕ್ ಹೋಟೆಲಿನಲ್ಲಿ ಉಳಿದಿದ್ದ ನಿರಾಶ್ರಿತರನ್ನು ಅದಕ್ಕೂ ಮೊದಲೇ, 2022ರ ಏಪ್ರಿಲಿನಲ್ಲಿ, ಹೊರಗೆ ಬಿಟ್ಟಿದ್ದರು.