ಬಂಡಿಯಿಂದ ಟ್ರಾಲಿಗೆ: ಹಿಂದೆ ಕಟ್ಟಿದ ಗಾಡಿಗೆ ಪರೀಕ್ಷೆಯೇ ಇಲ್ಲ

ಭತ್ತದ ಸುಗ್ಗಿ, ಹತ್ತಿ ಬಿಡಿಸುವ ಕಾಲ ಬಂತೆಂದರೆ ಗುಂಜಹಳ್ಳಿ ಇರಲಿ, ಮಾನ್ವಿ, ದೇವದುರ್ಗದ ಕಡೆಯ ಊರುಗಳಿರಲಿ, ರಸ್ತೆ ತುಂಬ ಟ್ರ್ಯಾಕ್ಟರ್‌ಗಳದ್ದೇ ಸಾಲು. ಮುಂದೆ ಇಂಜಿನ್, ಹಿಂದೆ ಟ್ರಾಲಿ. ಬೆಳಿಗ್ಗೆ ಕೂಲಿಯವರು, ಸಂಜೆ ಮಾಲು, ರಾತ್ರಿ ಮರಳಿ ಖಾಲಿ ಟ್ರಾಲಿ. ಈ ಗಾಡಿ ಓಡಿಸಲು ಲೈಸೆನ್ಸ್ ಬೇಕು, ಅದಕ್ಕೆ ಪರೀಕ್ಷೆ ಕೊಡಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಪರೀಕ್ಷೆ ಇರುವುದು ಇಂಜಿನ್‌ಗೆ. ಟನ್‌ಗಟ್ಟಲೆ ಮಾಲು ಹೊರುವ ಟ್ರಾಲಿಗೆ ನಮ್ಮ ಕಾನೂನಿನಲ್ಲಿ ಬೇರೆ ಪರೀಕ್ಷೆಯೇ ಇಲ್ಲ. ಇದು ಹೇಗಾಯಿತು, ಇದರಿಂದ ನಮಗೇನು ಎಂದು ತಿಳಿಯಲು ಬಂಡಿಯ ಕಾಲದಿಂದ ನೋಡಬೇಕು.

ಬಂಡಿಗೆ ಲೈಸೆನ್ಸ್ ಇರಲಿಲ್ಲ, ಗುರು ಇದ್ದ

1871ರಲ್ಲಿ ಮುಂಬೈ ಕಡೆಯಿಂದ ಬಂದ ರೈಲು ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ ಎರಡೂ ರಾಯಚೂರಿನಲ್ಲಿ ಕೂಡಿದವು. ಅಲ್ಲಿಂದ ಮುಂದೆ ಸುತ್ತಲಿನ ಹತ್ತಿಗೆ, ಕಾಳಿಗೆ ರಾಯಚೂರೇ ದಾರಿ. ಸ್ಟೇಷನ್ನಿನವರೆಗೆ ಮಾಲು ಮುಟ್ಟಿಸುವ ಕೆಲಸ ಎತ್ತಿನ ಬಂಡಿಯದು.

ಬಂಡಿ ಹೊಡೆಯುವುದನ್ನು ಹುಡುಗರು ಅಪ್ಪನ ಪಕ್ಕ ಕೂತು ಕಲಿಯುತ್ತಿದ್ದರು. ಎಷ್ಟು ಹೇರಬೇಕು, ಇಳಿಜಾರಿನಲ್ಲಿ ಎತ್ತಿನ ಮೇಲೆ ಭಾರ ಬೀಳದಂತೆ ಹೇಗೆ ತಡೆಯಬೇಕು, ಮೂಕಿ ಮೇಲೇಳದಂತೆ ಹಿಂದೆ ಮುಂದೆ ಹೇಗೆ ತೂಕ ಹಂಚಬೇಕು, ಎಲ್ಲವೂ ವರ್ಷಗಟ್ಟಲೆ ನೋಡಿ ಕಲಿತ ವಿದ್ಯೆ. ಬಂಡಿಯನ್ನು ಇಕ್ಕಟ್ಟಿನಲ್ಲಿ ಹಿಂದಕ್ಕೆ ಸರಿಸಬೇಕಾದರೆ ಎತ್ತು ಬಿಚ್ಚಿ, ಮೂಕಿ ಹಿಡಿದು ನಾಲ್ಕು ಜನ ತಳ್ಳಿದರೆ ಆಯಿತು. ತಪ್ಪಿದರೂ ಬಂಡಿಯ ವೇಗ ಮನುಷ್ಯನ ನಡಿಗೆಯಷ್ಟು. ಎತ್ತಿಗೂ ಸ್ವಂತ ಬುದ್ಧಿ ಇತ್ತು, ಹೊಡೆಯುವವ ನಿದ್ದೆ ಹೋದರೂ ಅದು ಮನೆ ಮುಟ್ಟಿಸುತ್ತಿತ್ತು.

ಮೋಟಾರು ಕಾಯ್ದೆ ಬಂದದ್ದು

ಬ್ರಿಟಿಷ್ ಇಂಡಿಯಾದಲ್ಲಿ ಮೊದಲ ಮೋಟಾರು ವಾಹನ ಕಾಯ್ದೆ 1914ರದ್ದು. ಆಗ ರಾಯಚೂರು ಇದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಬ್ರಿಟಿಷರ ಕಾಯ್ದೆ ಇಲ್ಲಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲ. ನಿಜಾಮರ ರೈಲ್ವೆ ಇಲಾಖೆ 1932ರಲ್ಲಿ 27 ಬಸ್ಸುಗಳೊಂದಿಗೆ ಸಂಸ್ಥಾನದಲ್ಲಿ ಬಸ್ ಸೇವೆ ಶುರು ಮಾಡಿತು. ಆ ಕಾಲದಲ್ಲಿ ಮೋಟಾರು ಓಡಿಸುವುದೆಂದರೆ ಸರ್ಕಾರಿ ನೌಕರನ ಇಲ್ಲವೇ ಸಾಹುಕಾರರ ಡ್ರೈವರನ ಕೆಲಸ, ರೈತನದಲ್ಲ.

1939ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಹೊಸ ಕಾಯ್ದೆ ಬಂತು. 1948ರಲ್ಲಿ ಹೈದರಾಬಾದ್ ಭಾರತದಲ್ಲಿ ಸೇರಿದ ಮೇಲೆ ಆ ಕಾಯ್ದೆ ನಮ್ಮ ಕಡೆಗೂ ಬಂತು. ಇನ್ನೊಬ್ಬರಿಗೆ ಆಗುವ ಹಾನಿಗೆ ವಿಮೆ ಕಡ್ಡಾಯ ಎಂಬ ನಿಯಮದ ಬೇರು ಇರುವುದೂ ಆ ಕಾಯ್ದೆಯಲ್ಲೇ.

ಕಾಲುವೆ ನೀರು, ಬ್ಯಾಂಕ್ ಸಾಲ, ಟ್ರ್ಯಾಕ್ಟರ್

1945ರಲ್ಲಿ ಕೆಲಸ ಶುರುವಾದ ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಸಿದ್ಧವಾಯಿತು. ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ, ರಾಯಚೂರು ತಾಲೂಕುಗಳಿಗೆ ನೀರು ತಂದಿತು. ಮುಂದೆ 1982ರಲ್ಲಿ ಕೃಷ್ಣೆಗೆ ನಾರಾಯಣಪುರ ಅಣೆಕಟ್ಟೆಯಾಯಿತು, ಅದರ ಬಲದಂಡೆ ಕಾಲುವೆ ದೇವದುರ್ಗದ ಕಡೆ ಬಂತು. ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲ ಭತ್ತದ ಗದ್ದೆಯಾಯಿತು. ಎಕರೆಗೆ ಬರುವ ಮಾಲು ಹೆಚ್ಚಿತು. ಬಂಡಿಗೆ ಅದನ್ನು ಸಾಗಿಸುವುದು ಆಗದ ಮಾತಾಯಿತು.

ಅದೇ ಕಾಲಕ್ಕೆ ದೇಶದಲ್ಲಿ ಟ್ರ್ಯಾಕ್ಟರ್ ತಯಾರಿ ಶುರುವಾಗಿತ್ತು. 1959ರಲ್ಲಿ ಫರೀದಾಬಾದ್‌ನಲ್ಲಿ ಐಷರ್ ಕಂಪನಿಯ ಮೊದಲ ಟ್ರ್ಯಾಕ್ಟರ್ ಹೊರಬಂತು. 1974ರಲ್ಲಿ ಸ್ವರಾಜ್ ಬಂತು. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣ, 1982ರಲ್ಲಿ ನಬಾರ್ಡ್ ಸ್ಥಾಪನೆ ಆದ ಮೇಲೆ ಟ್ರ್ಯಾಕ್ಟರ್ ಸಾಲ ಹಳ್ಳಿಗೂ ಮುಟ್ಟಿತು.

ಟ್ರ್ಯಾಕ್ಟರ್ ಕೊಂಡವರು ಉಳುಮೆಗೆಂದೇ ಕೊಂಡರು. ಆದರೆ ಉಳುಮೆ ವರ್ಷದಲ್ಲಿ ಕೆಲವೇ ವಾರ. ಉಳಿದ ದಿನ ಸಾಲದ ಕಂತು ಕಟ್ಟಲು ದುಡಿದದ್ದು ಟ್ರಾಲಿ. ಗೊಬ್ಬರ, ಮರಳು, ಕಲ್ಲು, ಭತ್ತ, ಹತ್ತಿ, ಮದುವೆ ದಿಬ್ಬಣ, ಜಾತ್ರೆ ಎಲ್ಲಕ್ಕೂ ಅದೇ. ಹೀಗೆ ಬಂಡಿಯ ಜಾಗಕ್ಕೆ ಟ್ರಾಲಿ ಬಂತು. ಬಂಡಿಯ ಜೊತೆ ಇದ್ದ ಗುರು ಮಾತ್ರ ಬರಲಿಲ್ಲ, ಯಾಕೆಂದರೆ ಅಪ್ಪನಿಗೇ ಟ್ರ್ಯಾಕ್ಟರ್ ಹೊಸದು.

ಕಾನೂನು ಟ್ರಾಲಿಯನ್ನು ಹೇಗೆ ನೋಡಿತು

ಈಗ ನಮ್ಮನ್ನು ಆಳುವುದು 1988ರ ಮೋಟಾರು ವಾಹನ ಕಾಯ್ದೆ. ಇದು ಜಾರಿಗೆ ಬಂದದ್ದು 1989ರ ಜುಲೈ 1ರಂದು. ಇದರಲ್ಲಿ ಟ್ರೇಲರ್, ಅಂದರೆ ನಮ್ಮ ಟ್ರಾಲಿ, ತಾನೇ ಒಂದು ಮೋಟಾರು ವಾಹನ. ಅದಕ್ಕೇ ಟ್ರಾಲಿಗೂ ಬೇರೆ ನೋಂದಣಿ, ಬೇರೆ ನಂಬರ್. ನಮ್ಮ ಜಿಲ್ಲೆಯಲ್ಲಾದರೆ ಇಂಜಿನ್‌ಗೊಂದು ಕೆಎ-36, ಟ್ರಾಲಿಗೊಂದು ಕೆಎ-36.

ನೋಂದಣಿಗೆ ಎರಡು ವಾಹನ. ಲೈಸೆನ್ಸಿಗೆ ಮಾತ್ರ ಒಂದೇ. ಈ ಗೊಂದಲ ಕೋರ್ಟಿನವರೆಗೂ ಹೋಯಿತು. 2001ರಲ್ಲಿ ಕರ್ನಾಟಕದ ಒಂದು ಪ್ರಕರಣ ಸುಪ್ರೀಂ ಕೋರ್ಟ್ ಮುಂದೆ ಬಂತು. ಡ್ರೈವರ್ ಬಳಿ ಟ್ರ್ಯಾಕ್ಟರ್ ಲೈಸೆನ್ಸ್ ಇತ್ತು, ಟ್ರಾಲಿಯಲ್ಲಿ ಕಲ್ಲು ತುಂಬಿತ್ತು. ಟ್ರಾಲಿ ಕಟ್ಟಿ ಮಾಲು ಹೇರಿದ ಮೇಲೆ ಅದು ಸಾರಿಗೆ ವಾಹನವಾಯಿತು, ಆ ಲೈಸೆನ್ಸ್ ನಡೆಯದು ಎಂದು ವಿಮಾ ಕಂಪನಿ ವಾದಿಸಿತು. ಕೋರ್ಟ್ ಒಪ್ಪಲಿಲ್ಲ. ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸ್ ಇದ್ದವನು ಹಿಂದೆ ಟ್ರಾಲಿ ಕಟ್ಟಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲ ಎಂದಿತು. ಇನ್ನು 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕಿಲೋಗಿಂತ ಕಡಿಮೆ ತೂಕದ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಹೇಳಿತು.

ಈ ತೀರ್ಪುಗಳಿಂದ ಸಾವಿರಾರು ಕುಟುಂಬಗಳು ಉಳಿದಿವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕೋರ್ಟ್ ಹೇಳಿದ್ದು ಕಾಗದದ ಮಾತು. ಟ್ರಾಲಿ ಎಳೆಯುವುದು ಸುಲಭ ಎಂದು ಅದು ಹೇಳಿಲ್ಲ.

ಬ್ರಿಟನ್ನಿನವರು ಏನು ಮಾಡಿದರು

ಟ್ರೇಲರ್‌ಗೆ ಬೇರೆ ಪರೀಕ್ಷೆ ಇಟ್ಟ ದೇಶವೂ ಇತ್ತು. ಬ್ರಿಟನ್‌ನಲ್ಲಿ 1997ರ ಜನವರಿ 1ರ ನಂತರ ಕಾರಿನ ಲೈಸೆನ್ಸ್ ಪಡೆದವರು ದೊಡ್ಡ ಟ್ರೇಲರ್ ಎಳೆಯಬೇಕೆಂದರೆ ಇನ್ನೊಂದು ಪರೀಕ್ಷೆ ಪಾಸಾಗಬೇಕಿತ್ತು. ಟ್ರೇಲರ್ ಸಮೇತ ಹಿಂದಕ್ಕೆ ತಂದು ಗುರುತಿನ ಜಾಗದಲ್ಲಿ ನಿಲ್ಲಿಸುವುದು, ಕೊಕ್ಕೆ ಬಿಚ್ಚಿ ಮತ್ತೆ ಜೋಡಿಸುವುದು ಅದರಲ್ಲಿ ಇತ್ತು. 2021ರಲ್ಲಿ ಅಲ್ಲಿ ಲಾರಿ ಡ್ರೈವರ್‌ಗಳ ಕೊರತೆಯಾಯಿತು. ಲಾರಿ ಪರೀಕ್ಷೆಗೆ ಸಮಯ ಸಿಗಲೆಂದು ಸರ್ಕಾರ ಆ ವರ್ಷದ ಡಿಸೆಂಬರ್ 16ರಿಂದ ಟ್ರೇಲರ್ ಪರೀಕ್ಷೆಯನ್ನೇ ತೆಗೆದುಹಾಕಿತು. ಪರೀಕ್ಷೆ ಹೋದರೂ ತರಬೇತಿ ಮಾಡಿಕೊಳ್ಳಿ ಎಂದು ಜನರಿಗೆ ಹೇಳುವುದನ್ನು ಬಿಡಲಿಲ್ಲ. ಅವರು ಬಿಟ್ಟ ಜಾಗದಲ್ಲಿ ನಾವು ಮೊದಲಿನಿಂದಲೂ ಇದ್ದೇವೆ, ತರಬೇತಿಯ ಮಾತೂ ಇಲ್ಲದೆ.

ಹಾಗಾದರೆ ತಯಾರಿ ಹೇಗೆ?

ಮೊದಲು ಕಾಗದದ ತಯಾರಿ. 18 ತುಂಬಿರಬೇಕು. ಮೊದಲು ಎಲ್‌ಎಲ್‌ಆರ್. ಅದು ಸಿಕ್ಕು 30 ದಿನ ಆಗುವವರೆಗೆ ಓಡಿಸುವ ಪರೀಕ್ಷೆ ಇಲ್ಲ, ಅದರ ಅವಧಿ 6 ತಿಂಗಳು. ಯಾವ ಬಗೆಯ ವಾಹನಕ್ಕೆ ಅರ್ಜಿಯೋ ಅದೇ ಬಗೆಯ ವಾಹನದಲ್ಲಿ ಪರೀಕ್ಷೆ. ಗೇರ್ ಏರಿಸುವುದು ಇಳಿಸುವುದು, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಮತ್ತೆ ಹೊರಡುವುದು, ತಿರುವು, ಕೈ ಸನ್ನೆ, ಇಕ್ಕಟ್ಟಿನ ಜಾಗಕ್ಕೆ ಹಿಂದಕ್ಕೆ ತರುವುದು ಎಲ್ಲವೂ ನಿಯಮದಲ್ಲಿವೆ.

ಎರಡನೆಯದು ಕೈಯ ತಯಾರಿ. ಇದಕ್ಕೆ ಡಾಂಬರು ರಸ್ತೆ ಬೇಡ. ಬೆಳೆ ತೆಗೆದ ಹೊಲ ಸಾಕು. ಖಾಲಿ ಟ್ರಾಲಿ ಕಟ್ಟಿಕೊಳ್ಳಿ, ಕಲಿಸುವವರು ಮಡ್‌ಗಾರ್ಡ್ ಮೇಲೆ ಕೂರದೆ ಕೆಳಗೆ ದೂರ ನಿಲ್ಲಲಿ.

ಹಿಂದಕ್ಕೆ ಬರುವಾಗ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರಾಲಿ ಬಲಕ್ಕೆ ಹೋಗುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲೇ. ಸ್ಟಿಯರಿಂಗ್‌ನ ಕೆಳಭಾಗ ಹಿಡಿದುಕೊಳ್ಳಿ. ಟ್ರಾಲಿ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿ. ನಿಧಾನವಾಗಿ, ಸ್ವಲ್ಪ ಸ್ವಲ್ಪವೇ. ಇದು ಎರಡು ಗಾಲಿಯ ಟ್ರಾಲಿಗೆ. ನಾಲ್ಕು ಗಾಲಿಯದ್ದಕ್ಕೆ ಮುಂದಿನ ಅಚ್ಚೂ ತಿರುಗುವುದರಿಂದ ಇನ್ನೂ ಕಷ್ಟ. ಅದನ್ನು ಆಮೇಲೆ ಕಲಿಯಿರಿ.

ಟ್ರ್ಯಾಕ್ಟರ್‌ಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಇರುವುದು ಹೊಲದಲ್ಲಿ ಗಕ್ಕನೆ ತಿರುಗಲು. ರಸ್ತೆಗೆ ಬರುವ ಮುಂಚೆ ಎರಡೂ ಪೆಡಲ್‌ಗಳನ್ನು ಕೊಂಡಿಯಿಂದ ಜೋಡಿಸಲೇಬೇಕು. ಇಲ್ಲದಿದ್ದರೆ ವೇಗದಲ್ಲಿ ಒಂದೇ ಗಾಲಿ ಹಿಡಿದು ಗಾಡಿ ಪಲ್ಟಿ.

ನಮ್ಮ ಎಷ್ಟೋ ಟ್ರಾಲಿಗಳಿಗೆ ಸ್ವಂತ ಬ್ರೇಕ್ ಇಲ್ಲ. ಕಾಲುವೆ ಏರಿಯಿಂದ ಇಳಿಯುವಾಗ ಹಿಂದಿನ ಭಾರ ಇಂಜಿನ್ನನ್ನು ತಳ್ಳುತ್ತದೆ. ಇಳಿಯುವ ಮೊದಲೇ ಸಣ್ಣ ಗೇರ್ ಹಾಕಿ. ನ್ಯೂಟ್ರಲ್ ಬೇಡ, ಕ್ಲಚ್ ತುಳಿದುಕೊಂಡು ಇಳಿಯುವುದೂ ಬೇಡ. ಏರಿನಲ್ಲಿ ಮುಂದಿನ ಗಾಲಿ ಮೇಲೇಳುವುದು ಬಂಡಿಯ ಮೂಕಿ ಎದ್ದಂತೆಯೇ, ಹೇರುವಾಗಲೇ ತೂಕ ಹಂಚಿರಬೇಕು.

ರಾತ್ರಿ ಹತ್ತಿ ಹೊರಚಾಚಿದ ಟ್ರಾಲಿಗೆ ಹಿಂದೆ ದೀಪ, ಕೆಂಪು ರಿಫ್ಲೆಕ್ಟರ್ ಇಲ್ಲದಿದ್ದರೆ ಹಿಂದಿನಿಂದ ಬರುವ ಬೈಕಿನವನಿಗೆ ಅದು ಕತ್ತಲೆಯಲ್ಲಿ ನಿಂತ ಗೋಡೆ.

ಟ್ರಾಲಿಯಲ್ಲಿ ಕೂತ ಜನ

ಕೊನೆಗೆ ದೊಡ್ಡ ಮಾತು. ನಾಟಿಗೆ, ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಟ್ರಾಲಿಯಲ್ಲೇ ಹೋಗುತ್ತಾರೆ. ಕಾನೂನಿನ ಕಣ್ಣಿಗೆ ಟ್ರಾಲಿ ಮಾಲಿನ ಗಾಡಿ. ಟ್ರಾಲಿಯಲ್ಲಿ ಕೂತು ಗಾಯಗೊಂಡ ಕೂಲಿಕಾರನ ಪ್ರಕರಣವೊಂದರಲ್ಲಿ, ಇದಕ್ಕೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಕೂಲಿಕಾರನ ಕಷ್ಟ ನೋಡಿ ಕಂಪನಿ ಮೊದಲು ಹಣ ಕೊಟ್ಟು ನಂತರ ಮಾಲೀಕನಿಂದ ವಸೂಲಿ ಮಾಡಲಿ ಎಂದಿತು. ಡ್ರೈವರ್‌ಗೆ ಲೈಸೆನ್ಸ್ ಇಲ್ಲದಿದ್ದರೂ ಇದೇ ವಸೂಲಿಯ ದಾರಿ ತೆರೆಯಬಹುದು. ವಸೂಲಿ ಎಂದರೆ ಟ್ರ್ಯಾಕ್ಟರ್, ಹೊಲ, ಮನೆ.

2019ರ ತಿದ್ದುಪಡಿಯ ಪ್ರಕಾರ ಲೈಸೆನ್ಸ್ ಇಲ್ಲದೆ ಓಡಿಸಿದರೆ 5,000 ರೂಪಾಯಿವರೆಗೆ ದಂಡ, ಓಡಿಸಲು ಕೊಟ್ಟ ಮಾಲೀಕನಿಗೂ ದಂಡ. 18 ತುಂಬದ ಹುಡುಗ ಓಡಿಸಿ ಅಪರಾಧವಾದರೆ ಪಾಲಕರಿಗೆ ಇಲ್ಲವೇ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು.

ಬಂಡಿಯ ಕಾಲದಲ್ಲಿ ಕಾಗದ ಇರಲಿಲ್ಲ, ವಿದ್ಯೆ ಇತ್ತು. ಈಗ ಕಾಗದ ಕೊಡುವ ಕಚೇರಿ ಇದೆ, ಟ್ರಾಲಿಯ ವಿದ್ಯೆ ಕೇಳುವವರಿಲ್ಲ. ಹಾಗಾಗಿ ಆ ಪರೀಕ್ಷೆಯನ್ನು ಮನೆಯವರೇ ಮಾಡಬೇಕು. ಮಗನ ಕೈಗೆ ಡಿಎಲ್ ಬಂದ ದಿನ ಖಾಲಿ ಟ್ರಾಲಿ ಕಟ್ಟಿ ಹೊಲದ ಗೇಟಿನೊಳಗೆ ಹಿಂದಕ್ಕೆ ತರಲು ಹೇಳಿ. ಅದು ನೆಟ್ಟಗೆ ಬರುವವರೆಗೆ ಮಾಲು ಹೇರಬೇಡಿ. ಜನರನ್ನಂತೂ ಎಂದೂ ಹತ್ತಿಸಬೇಡಿ.