ಪೊಲೀಸ್ ಕಂಡ ದೆವ್ವ, ಕೋರ್ಟ್ ಕಂಡ ಸಾವು



ನ್ಯೂಯಾರ್ಕ್ ಪೊಲೀಸ್ ಸಾರ್ಜೆಂಟ್ ಒಬ್ಬರು ಪಾದ್ರಿಯ ಜೊತೆಗೂಡಿ ದೆವ್ವ ಬಿಡಿಸುವ ಚಿತ್ರ, 2014ರ ‘ಡೆಲಿವರ್ ಅಸ್ ಫ್ರಂ ಈವಿಲ್’. ಆ ಸಾರ್ಜೆಂಟ್ ರಾಲ್ಫ್ ಸಾರ್ಚಿ ನಿಜವಾದ ವ್ಯಕ್ತಿ. 2001ರಲ್ಲಿ ತಮ್ಮ ಅನುಭವಗಳನ್ನು ಪುಸ್ತಕ ಮಾಡಿದವರು. ಆದರೆ ಚಿತ್ರದಲ್ಲಿ ಬರುವ ಇರಾಕ್ ಸೈನಿಕರ ಕಥೆ ಬರೀ ಕಲ್ಪನೆ.

ಇದೇ ನಿರ್ದೇಶಕ ಸ್ಕಾಟ್ ಡೆರಿಕ್ಸನ್ 2005ರಲ್ಲಿ ತೆಗೆದ ‘ದಿ ಎಕ್ಸಾರ್ಸಿಸಂ ಆಫ್ ಎಮಿಲಿ ರೋಸ್’ ಹಿಂದೆ ಮಾತ್ರ ನಿಜವಾದ ಸಾವೊಂದಿದೆ. ಜರ್ಮನಿಯ ಆನೆಲೀಸ್ ಮಿಶೆಲ್‌ಗೆ ಮೂರ್ಛೆರೋಗವೆಂದು ವೈದ್ಯರು ಗುರುತಿಸಿದ್ದರು. ಆದರೂ 67 ಸಲ ದೆವ್ವ ಬಿಡಿಸುವ ವಿಧಿ ನಡೆಯಿತು. ಊಟ ಬಿಟ್ಟು ಸೊರಗಿದ ಆಕೆ 1976ರಲ್ಲಿ, 23ನೇ ವಯಸ್ಸಿಗೇ ತೀರಿಕೊಂಡಳು. ನಿರ್ಲಕ್ಷ್ಯದಿಂದ ಈ ಸಾವಿಗೆ ಕಾರಣರಾದರೆಂದು ತಂದೆತಾಯಿಗೂ ಇಬ್ಬರು ಪಾದ್ರಿಗಳಿಗೂ 1978ರಲ್ಲಿ ನ್ಯಾಯಾಲಯ ಶಿಕ್ಷೆ ವಿಧಿಸಿತು.

ಸಿನಿಮಾ ನೋಡಿ ಹೆದರೋಣ, ತಪ್ಪೇನಿಲ್ಲ. ಮನೆಯಲ್ಲಿ ಯಾರಾದರೂ ನರಳಿದರೆ ಮಾತ್ರ ಮೊದಲು ಡಾಕ್ಟರ ಬಾಗಿಲು ತಟ್ಟೋಣ. ಏನಂತೀರಿ?